ಟ್ರೌಟ್‌ಗೆ ಹಗುರ ಸ್ಪಿನ್ನರ್, ಸ್ಪೂನ್: ಮಂಡ್ಯದ ಗದ್ದೆ ಕಾಲುವೆಯಲ್ಲಿ ಕಲಿತು ನೀಲಗಿರಿಗೆ ಹೋಗಿ

ಟ್ರೌಟ್ ಮೀನು ನಮ್ಮ ಕಡೆ ಇಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅದಕ್ಕೆ ತಣ್ಣನೆಯ ನೀರು ಬೇಕು. 10ರಿಂದ 16 ಡಿಗ್ರಿ ಇದ್ದರೆ ಚೆನ್ನಾಗಿ ಓಡಾಡಿ ತಿನ್ನುತ್ತದೆ, 20 ದಾಟಿತು ಅಂದರೆ ಒದ್ದಾಡಲು ಶುರು ಮಾಡುತ್ತದೆ. ಕೆ.ಆರ್.ಎಸ್. ಹಿನ್ನೀರಾಗಲಿ, ಮಂಡ್ಯದ ಕೆರೆಗಳಾಗಲಿ ಅಷ್ಟು ತಂಪಾಗುವುದೇ ಇಲ್ಲ. ಆದರೆ ಮೈಸೂರಿನಿಂದ ಊಟಿ ಸುಮಾರು 125 ಕಿ.ಮೀ. ಅಷ್ಟೇ ಅಲ್ವಾ? ಅಲ್ಲಿ 2000 ಮೀಟರಿಗಿಂತ ಎತ್ತರದಲ್ಲಿ ಹರಿಯುವ ಹಳ್ಳಗಳಲ್ಲಿ, ಅವಲಾಂಚಿ ಕಡೆಯ ನೀರಿನಲ್ಲಿ, ಬ್ರಿಟಿಷರ ಕಾಲದಲ್ಲಿ ತಂದು ಬಿಟ್ಟ ರೈನ್‌ಬೋ ಟ್ರೌಟ್ ಇವತ್ತಿಗೂ ಇದೆ. ಹಾಗಾಗಿ ನಮ್ಮೂರಿನ ಗಾಳದ ಹುಚ್ಚಿನವರು ಒಂದಲ್ಲ ಒಂದು ದಿನ ಅತ್ತ ಹೊರಟೇ ಹೊರಡುತ್ತಾರೆ.

ಹೊರಡುವವರಲ್ಲಿ ಹೆಚ್ಚಿನವರು ರಾಡ್ ಕೊಳ್ಳುತ್ತಾರೆ, ಹೊಳೆಯುವ ನಾಲ್ಕು ಸ್ಪಿನ್ನರ್, ಅಂದರೆ ಎಳೆದಾಗ ತಗಡಿನ ಬ್ಲೇಡ್ ತಿರುಗುವ ಹುಸಿ ಎರೆ, ಕೊಳ್ಳುತ್ತಾರೆ, ನೇರವಾಗಿ ಹಳ್ಳದ ಪಕ್ಕ ನಿಂತು ದೂರ ಎಸೆದು ಗರಗರ ಅಂತ ರೀಲ್ ಸುತ್ತುತ್ತಾರೆ. ಮೀನು ಬರುವುದಿಲ್ಲ. ಮೀನಿಲ್ಲದ ನೀರು ಅಂದುಕೊಂಡು ವಾಪಸ್ ಬರುತ್ತಾರೆ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ, ಯಾಕೆಂದರೆ ಎಸೆಯುವುದನ್ನೂ ಎಳೆಯುವುದನ್ನೂ ಇಲ್ಲೇ, ಮನೆ ಹತ್ತಿರವೇ ಕಲಿಯಬಹುದು. ಅದರಲ್ಲೂ ಎಳೆಯುವುದು. ಎಸೆತ ಮೂರು ದಿನಕ್ಕೆ ಕೈಗೆ ಹತ್ತುತ್ತದೆ. ಬ್ಲೇಡ್ ತಿರುಗುತ್ತಿದೆಯೋ ಇಲ್ಲವೋ ಅನ್ನುವುದನ್ನು ಕಣ್ಣಿಂದಲ್ಲ, ಕೈಯಿಂದ ತಿಳಿಯುವುದಕ್ಕೆ ಸಮಯ ಬೇಕು. ಇಡೀ ಆಟ ಇರುವುದೇ ಅಲ್ಲಿ.

ಸಾಮಾನಿನ ಬಗ್ಗೆ ಮೊದಲು. ರಾಡ್ 5ರಿಂದ 6 ಅಡಿ ಉದ್ದದ್ದು, ಅಲ್ಟ್ರಾಲೈಟ್ ಅಂತ ಬರೆದಿರುತ್ತದೆ. ಅದರ ಬುಡದ ಹತ್ತಿರ ಎಷ್ಟು ತೂಕದ ಲೂರ್ (ಸ್ಪಿನ್ನರ್, ಸ್ಪೂನ್‌ನಂಥ ಹುಸಿ ಎರೆ) ಎಸೆಯಬಹುದು ಅಂತಲೂ ಇರುತ್ತದೆ, 1-5 ಗ್ರಾಂ ಅಥವಾ 2-7 ಗ್ರಾಂ ಇದ್ದರೆ ಸರಿ. ಕೊರಮೀನು ಹಿಡಿಯುವ ಗಟ್ಟಿ ರಾಡ್ ಮನೆಯಲ್ಲಿದೆ, ಅದೇ ಸಾಕು ಅಂದುಕೊಳ್ಳಬೇಡಿ. 3 ಗ್ರಾಂ ತೂಕಕ್ಕೆ ಆ ರಾಡ್ ಬಾಗುವುದೇ ಇಲ್ಲ, ಬಾಗದಿದ್ದರೆ ಎಸೆಯುವ ಶಕ್ತಿ ಎಲ್ಲಿಂದ ಬರಬೇಕು? ರೀಲ್ 1000 ಸೈಜಿನ ಸ್ಪಿನ್ನಿಂಗ್ ರೀಲ್. ಲೈನ್ 4 ಪೌಂಡ್ ತೂಕ ತಡೆಯುವ ನೈಲಾನ್, ದಪ್ಪ ಸುಮಾರು 0.18 ಮಿ.ಮೀ. ಬ್ರೇಡ್, ಅಂದರೆ ಹೆಣೆದ ದಾರ, ಹಾಕುವವರು ಅದರ ತುದಿಗೆ ನೀರಲ್ಲಿ ಅಷ್ಟಾಗಿ ಕಾಣದ ಫ್ಲೋರೋಕಾರ್ಬನ್ ಲೈನ್ ಮೂರ್ನಾಲ್ಕು ಅಡಿ ಸೇರಿಸಿ, ಯಾಕೆಂದರೆ ಮಲೆಯ ಹಳ್ಳದ ನೀರು ಗಾಜಿನಷ್ಟು ತಿಳಿ, ಬ್ರೇಡ್ ಎದ್ದು ಕಾಣುತ್ತದೆ. ಹೊಸಬರಿಗೆ ನನ್ನ ಸಲಹೆ ನೈಲಾನೇ. ಅದು ಸ್ವಲ್ಪ ಹಿಗ್ಗುತ್ತದೆ, ಮೀನು ತಟ್ಟನೆ ತಿರುಗಿದಾಗ ಆ ಹಿಗ್ಗುವಿಕೆಯೇ ಕಾಪಾಡುತ್ತದೆ. ರೀಲಿನಲ್ಲಿ ಲೈನ್ ಸುತ್ತುವ ಉರುಳೆಗೆ ಸ್ಪೂಲ್ ಅನ್ನುತ್ತಾರೆ, ಅದರ ತುಂಬ ಲೈನ್ ಸುತ್ತಿ, ಅಂಚಿಗಿಂತ 2 ಮಿ.ಮೀ. ಮಾತ್ರ ಕೆಳಗಿರಲಿ. ಅರ್ಧ ಖಾಲಿ ಸ್ಪೂಲ್ ಇದ್ದರೆ ಲೈನ್ ಅಂಚಿಗೆ ಉಜ್ಜಿಕೊಂಡು ಹೊರಬರುತ್ತದೆ, ಹಗುರ ಲೂರ್ ಅರ್ಧ ದಾರಿಯಲ್ಲೇ ಬೀಳುತ್ತದೆ.

ಇನ್ನು ಲೂರ್. ಸ್ಪಿನ್ನರ್ ಅಂದರೆ ನಡುವೆ ತಂತಿ, ತಂತಿಯ ಮೇಲೆ ಭಾರ, ಅದರ ಸುತ್ತ ಗಿರಗಿರ ತಿರುಗುವ ಒಂದು ತಗಡಿನ ಬ್ಲೇಡ್. ಸ್ಪೂನ್‌ನಲ್ಲಿ ತಿರುಗುವ ಭಾಗ ಯಾವುದೂ ಇಲ್ಲ, ಹಿಡಿ ಮುರಿದ ಚಮಚದ ಹಾಗೆ ಬಾಗಿದ ಒಂದೇ ತಗಡು, ಎಳೆದಾಗ ಅತ್ತಿತ್ತ ಹೊರಳಾಡುತ್ತದೆ. ಸ್ಪಿನ್ನರ್‌ಗಳಲ್ಲಿ ಫ್ರಾನ್ಸಿನ ಮೆಪ್ಸ್ ಕಂಪನಿಯ ಆಗ್ಲಿಯಾ 1938ರಿಂದ ಬರುತ್ತಿರುವ ಮಾದರಿ, ಅದರ 0 ನಂಬರ್ 2.5 ಗ್ರಾಂ, 1 ನಂಬರ್ 3.5 ಗ್ರಾಂ. ಚಿಕ್ಕ ಹಳ್ಳಕ್ಕೆ ಈ ಎರಡೇ ಸಾಕು. ಬೇರೆ ಕಂಪನಿಯದಾದರೂ ಇದೇ ತೂಕ ನೋಡಿ ತಗೊಳ್ಳಿ. ಬ್ಲೇಡಿನ ಆಕಾರ ಮಾತ್ರ ಗಮನಿಸಿ, ಬಣ್ಣಕ್ಕಿಂತ ಅದು ಮುಖ್ಯ. ಅಗಲವಾದ ಗುಂಡು ಬ್ಲೇಡ್ ತಂತಿಯಿಂದ ದೂರ ಅರಳಿ ತಿರುಗುತ್ತದೆ, ನೀರನ್ನು ಜಾಸ್ತಿ ಹಿಡಿಯುತ್ತದೆ, ನಿಧಾನ ಎಳೆದರೂ ತಿರುಗುತ್ತದೆ, ಮೇಲಕ್ಕೆ ಏಳುತ್ತದೆ. ಇದು ನಿಂತ ನೀರಿಗೆ, ಮಡುವಿಗೆ. ಉದ್ದನೆಯ ಎಲೆಯಂಥ ಬ್ಲೇಡ್ ತಂತಿಗೆ ಹತ್ತಿರವೇ ತಿರುಗುತ್ತದೆ, ಅದಕ್ಕೆ ಸ್ವಲ್ಪ ವೇಗ ಬೇಕು, ಆದರೆ ಸೆಳವಿನಲ್ಲೂ ಆಳದಲ್ಲೇ ನಿಲ್ಲುತ್ತದೆ. ಬಿಸಿಲಿದ್ದು ನೀರು ತಿಳಿಯಾಗಿದ್ದರೆ ಬೆಳ್ಳಿ ಬಣ್ಣ, ಮೋಡ ಇದ್ದರೆ ಅಥವಾ ಮಳೆ ಬಂದು ನೀರು ಕದಡಿದ್ದರೆ ಹಿತ್ತಾಳೆ ಅಥವಾ ತಾಮ್ರದ ಬಣ್ಣ. ಬಣ್ಣದ ವಿಷಯ ಇಷ್ಟು ಸಾಕು.

ಎಲ್ಲ ಲೂರ್‌ನ ಮೂರು ಮುಳ್ಳಿನ ಹುಕ್ ತೆಗೆದು ಒಂಟಿ ಹುಕ್ ಹಾಕಿ, ಅದರ ಒಳಗಿನ ಚಿಕ್ಕ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ಮೀನಿಗೆ ಗಾಯ ಕಡಿಮೆ, ಕಲ್ಲಿಗೆ ಸಿಕ್ಕಿಕೊಳ್ಳುವುದೂ ಕಡಿಮೆ, ನಿಮ್ಮ ಬೆರಳಿಗೆ ಚುಚ್ಚಿದರೂ ಸುಲಭವಾಗಿ ಬರುತ್ತದೆ. ಲೈನ್ ಎಳೆತದಲ್ಲೇ ಇಟ್ಟುಕೊಂಡಿದ್ದರೆ ಮೀನು ತಪ್ಪಿಸಿಕೊಳ್ಳುವುದೇನೂ ಜಾಸ್ತಿ ಆಗುವುದಿಲ್ಲ.

ಈಗ ಎಸೆತ. ಅಭ್ಯಾಸಕ್ಕೆ ಹಳೆಯ ಸ್ಪೂನ್ ಒಂದರ ಹುಕ್ ಪೂರ್ತಿ ಕತ್ತರಿಸಿ ಹಾಕಿ. ಬೆಳಿಗ್ಗೆ ಮಕ್ಕಳು ಬರುವ ಮುಂಚೆ ಹತ್ತಿರದ ಮೈದಾನಕ್ಕೆ ಹೋಗಿ, ಒಂದು ಹಳೆಯ ಮೊರವನ್ನು ಹತ್ತು ಹೆಜ್ಜೆ ದೂರ ಇಡಿ. ಗುರಿ ಅಷ್ಟೇ ಹತ್ತಿರ. ಟ್ರೌಟ್ ಹಳ್ಳದಲ್ಲಿ 8ರಿಂದ 12 ಮೀಟರ್ ಎಸೆದರೆ ಹೆಚ್ಚಾಯಿತು, ಅಲ್ಲಿ ಬೇಕಾದ್ದು ದೂರ ಅಲ್ಲ, ಮೊರದಷ್ಟು ಜಾಗಕ್ಕೆ ಸದ್ದಿಲ್ಲದೆ ಇಳಿಸುವುದು.

ರೀಲಿನ ಕಾಲು ನಿಮ್ಮ ನಡುಬೆರಳು ಮತ್ತು ಉಂಗುರ ಬೆರಳಿನ ನಡುವೆ ಬರುವಂತೆ ರಾಡ್ ಹಿಡಿಯಿರಿ. ಲೂರ್ ರಾಡಿನ ತುದಿಯಿಂದ ಒಂದು ಗೇಣು ಕೆಳಗೆ ನೇತಾಡಲಿ. ತೋರುಬೆರಳಿನ ತುದಿಗೆ ಲೈನ್ ಸಿಕ್ಕಿಸಿಕೊಂಡು, ರೀಲಿನ ಮೇಲೆ ತೆರೆದು ಮುಚ್ಚುವ ತಂತಿ ಇದೆಯಲ್ಲ, ಬೇಲ್ ಅನ್ನುತ್ತಾರೆ, ಅದನ್ನು ತೆರೆಯಿರಿ. ರಾಡ್ ಮುಂದೆ ಹತ್ತು ಗಂಟೆಯ ಮುಳ್ಳಿನ ಹಾಗಿರಲಿ. ಮಣಿಕಟ್ಟಿನಿಂದ ಒಂದು ಗಂಟೆಯ ಜಾಗಕ್ಕೆ ಚುರುಕಾಗಿ ತಂದು ಅಲ್ಲೇ ನಿಲ್ಲಿಸಿ. ನಿಲ್ಲಿಸಿದ ಕ್ಷಣ ಲೂರಿನ ತೂಕ ಹಿಂದಕ್ಕೆ ಹೋಗಿ ತುದಿಯನ್ನು ಬಗ್ಗಿಸುತ್ತದೆ. ಆ ಬಾಗುವಿಕೆ ಕೈಗೆ ಗೊತ್ತಾದ ತಕ್ಷಣ ಮುಂದಕ್ಕೆ ತನ್ನಿ, ಮತ್ತೆ ಹತ್ತು ಗಂಟೆಗೆ ಬರುವ ಸ್ವಲ್ಪ ಮುಂಚೆ ಬೆರಳು ಬಿಡಿ. ತೋಳು ಬೀಸುವ ಕೆಲಸವೇ ಇಲ್ಲ. ಲೂರ್ ಆಕಾಶಕ್ಕೆ ಹೋಯಿತಾ, ಬೆರಳು ಬೇಗ ಬಿಟ್ಟಿದ್ದೀರಿ. ಕಾಲ ಬುಡದಲ್ಲೇ ಬಿತ್ತಾ, ತಡ ಮಾಡಿದ್ದೀರಿ. ಬೇರೆ ಲೆಕ್ಕ ಹಾಕಬೇಡಿ, ಇದೊಂದನ್ನೇ ಸರಿ ಮಾಡಿಕೊಳ್ಳುತ್ತಾ ಹೋಗಿ.

ಇದರ ಮುಂದಿನ ಪಾಠವನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ಲೂರ್ ಗುರಿಯ ಹತ್ತಿರ ಬರುತ್ತಿದ್ದ ಹಾಗೆ, ನೆಲ ಮುಟ್ಟುವ ಮುಂಚೆ, ತೋರುಬೆರಳನ್ನು ಸ್ಪೂಲಿನ ಅಂಚಿಗೆ ಮೆಲ್ಲಗೆ ತಾಗಿಸಿ. ಹೊರಹೋಗುವ ಲೈನ್ ಬೆರಳಿಗೆ ಉಜ್ಜಿ ನಿಧಾನವಾಗುತ್ತದೆ, ಗಾಳಿಯಲ್ಲಿ ಜೋತಾಡುತ್ತಿದ್ದ ಲೈನ್ ನೇರವಾಗುತ್ತದೆ, ಲೂರ್ ಡಬ್ ಅಂತ ಬೀಳದೆ ಇಳಿಯುತ್ತದೆ. ನೀರಿನಲ್ಲಿ ಇದರ ಲಾಭ ಎರಡು. ಮೀನು ಬೆದರುವುದಿಲ್ಲ, ಮತ್ತು ಲೈನ್ ಬಿಗಿಯಾಗಿಯೇ ಇರುವುದರಿಂದ ಮೊದಲ ಸುತ್ತಿನಿಂದಲೇ ಬ್ಲೇಡ್ ತಿರುಗುತ್ತದೆ. ಲೂರ್ ಬಿದ್ದ ಮೊದಲ ಎರಡು ಸೆಕೆಂಡಿನಲ್ಲೇ ಟ್ರೌಟ್ ಹೊಡೆಯುವುದು ಬಹಳ ಸಾಮಾನ್ಯ, ಆಗ ನಿಮ್ಮ ಲೈನ್ ಸಡಿಲವಾಗಿದ್ದರೆ ಹೊಡೆದದ್ದೂ ಗೊತ್ತಾಗುವುದಿಲ್ಲ. ಬೇಲ್ ಅನ್ನು ಕೈಯಿಂದಲೇ ಮುಚ್ಚಿ, ಹಿಡಿ ತಿರುಗಿಸಿ ಮುಚ್ಚಬೇಡಿ. ಹಿಡಿ ತಿರುಗಿಸಿ ಮುಚ್ಚಿದರೆ ಸಡಿಲ ಲೈನ್ ಸ್ಪೂಲಿನ ಮೇಲೆ ಕುಣಿಕೆಯಾಗಿ ಕೂರುತ್ತದೆ, ನಾಲ್ಕನೇ ಎಸೆತಕ್ಕೆ ಗಂಟಾಗಿ ಹೊರಗೆ ಬರುತ್ತದೆ.

ತಲೆ ಮೇಲಿನ ಎಸೆತ ಬಂದ ಮೇಲೆ ಪಕ್ಕದಿಂದ ಎಸೆಯುವುದನ್ನೂ ರೂಢಿ ಮಾಡಿಕೊಳ್ಳಿ, ನಿಜ ಹೇಳಬೇಕೆಂದರೆ ನೀಲಗಿರಿಯ ಹಳ್ಳದಲ್ಲಿ ಅದೇ ಜಾಸ್ತಿ ಬೇಕಾಗುವುದು, ಎರಡೂ ದಡದಿಂದ ಶೋಲಾ ಮರಗಳು ನೀರಿನ ಮೇಲೆ ಬಾಗಿರುತ್ತವೆ, ರಾಡ್ ಎತ್ತಿದರೆ ಕೊಂಬೆಗೆ ಸಿಗುತ್ತದೆ. ಅದೇ ಚಲನೆ, ಆದರೆ ರಾಡ್ ನೆಲಕ್ಕೆ ಸಮಾನವಾಗಿ, ಸೊಂಟದ ಎತ್ತರದಲ್ಲಿ. ಗಾಳಿ ಇದ್ದಾಗಲೂ ಇದೇ ಒಳ್ಳೆಯದು, 3 ಗ್ರಾಂ ಲೂರನ್ನು ಎತ್ತರಕ್ಕೆ ಎಸೆದರೆ ಗಾಳಿ ಎಲ್ಲಿಗೋ ಒಯ್ಯುತ್ತದೆ.

ಈಗ ನೀರಿಗೆ ಬನ್ನಿ. ಕೆ.ಆರ್.ಎಸ್.ನಿಂದ ನಾಲೆಗೆ ನೀರು ಬಿಟ್ಟಿದ್ದಾಗ ಪಾಂಡವಪುರ, ಶ್ರೀರಂಗಪಟ್ಟಣದ ಗದ್ದೆ ಬಯಲಿನಲ್ಲಿ ಮೊಣಕಾಲು ಮುಟ್ಟದಷ್ಟು ಆಳದ ಚಿಕ್ಕ ಕಾಲುವೆಗಳು ಹರಿಯುತ್ತಿರುತ್ತವೆ. ಗದ್ದೆಯವರನ್ನು ಒಂದು ಮಾತು ಕೇಳಿ, ನೀರು ತಿಳಿಯಾಗಿರುವ ಕಡೆ ಬದುವಿನ ಮೇಲೆ ನಿಂತುಕೊಳ್ಳಿ. ದೊಡ್ಡ ನಾಲೆಯ ಹತ್ತಿರ ಮಾತ್ರ ಹೋಗಬೇಡಿ. ಅದರ ಕಲ್ಲುಗಾರೆಯ ಇಳಿಜಾರು ಪಾಚಿ ಹಿಡಿದು ಜಾರುತ್ತದೆ, ಸೆಳವು ಜೋರು, ಬಿದ್ದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಈಜು ಬರುತ್ತದೆ ಅನ್ನುವ ಧೈರ್ಯ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಚಿಕ್ಕ ಕಾಲುವೆಯಲ್ಲಿ ಎಸೆಯುವುದೂ ಬೇಡ. ರಾಡಿನ ತುದಿಯಿಂದ ಎರಡು ಮೀಟರ್ ಲೈನ್ ಬಿಟ್ಟು ಹುಕ್ ಇಲ್ಲದ ಸ್ಪಿನ್ನರನ್ನು ನೀರಿಗೆ ಇಳಿಸಿ, ಬದುವಿನ ಮೇಲೆ ನಡೆಯಿರಿ. ಮೊದಲು ಹರಿವಿಗೆ ಎದುರಾಗಿ. ನೀವು ನಿಂತೇ ಇದ್ದರೂ ಬ್ಲೇಡ್ ತಿರುಗುತ್ತದೆ, ಯಾಕೆಂದರೆ ನೀರೇ ಅದನ್ನು ತಿರುಗಿಸುತ್ತಿದೆ. ಈಗ ಹರಿವಿನ ಜೊತೆಗೆ ನಡೆಯಿರಿ. ನೀರಿನಷ್ಟೇ ವೇಗದಲ್ಲಿ ನಡೆದರೆ ಬ್ಲೇಡ್ ಮುಚ್ಚಿಕೊಂಡು ಸತ್ತ ಹಾಗೆ ತಳಕ್ಕೆ ಇಳಿಯುತ್ತದೆ. ಒಂಚೂರು ವೇಗ ಹೆಚ್ಚಿಸಿ, ಪಟ್ಟನೆ ಅರಳಿ ತಿರುಗಲು ಶುರುವಾಗುತ್ತದೆ. ಆ ಒಂಚೂರು ಎಷ್ಟು ಅನ್ನುವುದನ್ನು ಮತ್ತೆ ಮತ್ತೆ ನೋಡಿ. ಆಮೇಲೆ ಕಣ್ಣು ಮುಚ್ಚಿ ನಿಂತು, ಎದುರು ಹರಿವಿನಲ್ಲಿ ಹಿಡಿದು, ರಾಡಿನ ಹಿಡಿಯಲ್ಲಿ ಏನು ಗೊತ್ತಾಗುತ್ತದೆ ಗಮನಿಸಿ. ಸಣ್ಣಗೆ ಒಂದು ನಡುಕ ಇರುತ್ತದೆ. ಬ್ಲೇಡ್ ತಿರುಗುತ್ತಿರುವಷ್ಟು ಹೊತ್ತೂ ಆ ನಡುಕ ಇರುತ್ತದೆ, ಎಲೆಯೋ ಪಾಚಿಯೋ ಸಿಕ್ಕರೆ ನಿಲ್ಲುತ್ತದೆ. ಈ ನಡುಕ ನಿಮ್ಮ ಕೈಗೆ ಪರಿಚಯವಾದರೆ ಅರ್ಧ ವಿದ್ಯೆ ಬಂದ ಹಾಗೆ.

ಇದು ಯಾಕೆ ಇಷ್ಟು ಮುಖ್ಯ ಅಂದರೆ, ಹರಿಯುವ ನೀರಿನಲ್ಲಿ ಟ್ರೌಟ್ ಯಾವಾಗಲೂ ನೀರು ಬರುವ ಕಡೆಗೆ ಮುಖ ಮಾಡಿ ನಿಂತಿರುತ್ತದೆ. ಊಟ ಬರುವುದು ಆ ಕಡೆಯಿಂದಲೇ ಅಲ್ವಾ. ಆದ್ದರಿಂದ ನಾವು ಅದರ ಹಿಂದಿನಿಂದ, ಅಂದರೆ ಕೆಳಗಿನಿಂದ ಮೇಲಕ್ಕೆ ನಡೆಯುತ್ತಾ, ಮೇಲ್ಗಡೆಗೆ ಎಸೆದು, ಹರಿವಿನ ಜೊತೆಗೇ ಲೂರನ್ನು ಎಳೆದು ತರಬೇಕು. ಸ್ವಲ್ಪ ಲೆಕ್ಕ ಹಾಕಿ. 1000 ಸೈಜಿನ ರೀಲ್ ಹಿಡಿ ಒಂದು ಸುತ್ತು ಸುತ್ತಿದರೆ ಸುಮಾರು 60 ಸೆಂ.ಮೀ. ಲೈನ್ ಒಳಗೆ ಬರುತ್ತದೆ. ನೀರು ಸೆಕೆಂಡಿಗೆ ಅರ್ಧ ಮೀಟರ್ ಹರಿಯುತ್ತಿದ್ದರೆ, ಸೆಕೆಂಡಿಗೆ ಒಂದು ಸುತ್ತು ಸುತ್ತಿದರೂ ಲೂರ್ ನೀರಿಗಿಂತ ಬರೀ 10 ಸೆಂ.ಮೀ. ಮುಂದೆ, ಬ್ಲೇಡ್ ತಿರುಗುವುದು ಅನುಮಾನ. ಒಂದೂವರೆ ಸುತ್ತು ಬೇಕಾಗುತ್ತದೆ. ಅದೇ ನಿಂತ ಮಡುವಿನಲ್ಲಿ ಒಂದೂವರೆ ಸುತ್ತು ಅಂದರೆ ಅತಿಯಾಯಿತು, ಎರಡು ಸೆಕೆಂಡಿಗೆ ಒಂದು ಸುತ್ತು ಸಾಕು. ಹಾಗಾಗಿ ಇಷ್ಟೇ ವೇಗ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬ್ಲೇಡಿನ ನಡುಕ ಇನ್ನೇನು ನಿಲ್ಲುತ್ತದೆ ಅನ್ನುವಷ್ಟು ನಿಧಾನ, ಆದರೆ ನಿಲ್ಲಬಾರದು. ಒಂದೇ ಎಸೆತದಲ್ಲಿ ಲೂರ್ ಸೆಳವಿನಿಂದ ಮಡುವಿಗೆ ಬಂದಾಗ ಕೈಯ ವೇಗವೂ ಬದಲಾಗಬೇಕು.

ನೇರ ಮೇಲಕ್ಕೆ ಎಸೆಯುವುದಕ್ಕಿಂತ ಓರೆಯಾಗಿ ಮೇಲಕ್ಕೆ ಎಸೆದರೆ ಇನ್ನೂ ಒಳ್ಳೆಯದು, ಲೈನ್ ಮೀನಿನ ತಲೆ ಮೇಲೆ ಬೀಳುವುದಿಲ್ಲ. ಎಲ್ಲಿಗೆ ಎಸೆಯಬೇಕು? ಬಂಡೆಯ ಹಿಂದೆ ನೀರು ಸುಮ್ಮನಾಗುವ ಜಾಗ, ಜೋರು ನೀರೂ ನಿಧಾನ ನೀರೂ ಉಜ್ಜಿಕೊಂಡು ಹೋಗುವ ಗೆರೆ, ಚಿಕ್ಕ ಅಬ್ಬಿ ಮಡುವಿಗೆ ಬೀಳುವ ಬಾಯಿ, ನೀರು ಕೊರೆದ ದಡದ ಕೆಳಗೆ. ಮೀನು ಇರಬಹುದು ಅನ್ನುವ ಜಾಗಕ್ಕೇ ಎಸೆಯಬೇಡಿ, ಅದಕ್ಕಿಂತ ಒಂದು ಮೀಟರ್ ಮೇಲೆ ಎಸೆದು ಅದರ ಮುಂದೆ ಹಾದುಹೋಗುವಂತೆ ತನ್ನಿ. ಎಳೆಯುವಾಗ ರಾಡಿನ ತುದಿ ಲೈನಿಗೆ ಸ್ವಲ್ಪ ಓರೆಯಾಗಿರಲಿ, ನೇರ ಲೂರಿನ ಕಡೆ ತೋರಿಸಿದರೆ ತುದಿಯ ನಡುಕವೂ ಕಾಣುವುದಿಲ್ಲ, ಮೀನು ಹೊಡೆದಾಗ ಲೈನೂ ತುಂಡಾಗಬಹುದು. ತುದಿ ಎತ್ತಿದರೆ ಲೂರ್ ಮೇಲೆ ಬರುತ್ತದೆ, ಇಳಿಸಿದರೆ ಆಳಕ್ಕೆ ಹೋಗುತ್ತದೆ. ಕಲ್ಲು ಕಂಡಾಗ ಎತ್ತಿ ದಾಟಿಸಿ ಮತ್ತೆ ಇಳಿಸಿ.

ಒಂದು ಜಾಗಕ್ಕೆ ಎರಡು ಮೂರು ಎಸೆತ ಸಾಕು, ಮುಂದೆ ನಡೆಯಿರಿ. ಮೊದಲ ಎಸೆತವೇ ಎಲ್ಲಕ್ಕಿಂತ ಬೆಲೆಯುಳ್ಳದ್ದು, ಅದಕ್ಕೇ ದಡಕ್ಕೆ ಬಗ್ಗಿ ಬನ್ನಿ, ನೆರಳು ನೀರಿನ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ, ಮಾಸಲು ಬಣ್ಣದ ಅಂಗಿ ಹಾಕಿ. ಮೀನು ಹಿಂದೆ ಹಿಂದೆ ಬಂದು ಬಾಯಿ ಹಾಕದೆ ತಿರುಗಿ ಹೋಯಿತು ಅಂದರೆ ಕೈ ತಾನಾಗಿಯೇ ನಿಧಾನವಾಗುತ್ತದೆ, ಹಾಗಾಗಲು ಬಿಡಬೇಡಿ. ಹಿಂದೆ ಬರುತ್ತಿರುವುದು ಕಂಡ ಕೂಡಲೇ ಎರಡು ಸುತ್ತು ಚುರುಕಾಗಿ ಸುತ್ತಿ. ತಪ್ಪಿಸಿಕೊಂಡು ಓಡುತ್ತಿರುವ ಬೇಟೆಯನ್ನು ಬಿಟ್ಟುಕೊಡಲು ಟ್ರೌಟ್‌ಗೆ ಮನಸ್ಸಾಗುವುದಿಲ್ಲ.

ಸ್ಪೂನ್ ಇದಕ್ಕಿಂತ ಬೇರೆ. ಅದರ ಜೀವ ಇರುವುದು ಬೀಳುವಾಗ. ಎಳೆಯಿರಿ, ಒಂದು ಕ್ಷಣ ನಿಲ್ಲಿಸಿ, ಅದು ಗಾಯವಾದ ಮರಿಮೀನಿನ ಹಾಗೆ ಹೊಳೆಯುತ್ತಾ ತಳಕ್ಕೆ ಇಳಿಯುತ್ತದೆ. ಸಾಮಾನ್ಯವಾಗಿ ಮೀನು ಹೊಡೆಯುವುದು ಆ ನಿಲುವಿನಲ್ಲೇ ಅಥವಾ ಮತ್ತೆ ಎಳೆಯಲು ಶುರು ಮಾಡಿದಾಗ, ಹಾಗಾಗಿ ನಿಲ್ಲಿಸಿದಾಗಲೂ ಲೈನ್ ಪೂರ್ತಿ ಸಡಿಲ ಬಿಡಬೇಡಿ. ಜೋರಾಗಿ ಎಳೆದರೆ ಸ್ಪೂನ್ ಹೊರಳಾಡುವುದು ಬಿಟ್ಟು ಬುಗುರಿ ತಿರುಗಿದ ಹಾಗೆ ತಿರುಗುತ್ತದೆ, ಅದು ವೇಗ ಹೆಚ್ಚಾಯಿತು ಅನ್ನುವ ಗುರುತು. ಹಳ್ಳದಲ್ಲಿ ಸ್ಪೂನನ್ನು ಅಡ್ಡಕ್ಕೆ ಎಸೆದು, ರೀಲ್ ಸುತ್ತದೆಯೇ, ಹರಿವೇ ಅದನ್ನು ಬಿಲ್ಲಿನ ಆಕಾರದಲ್ಲಿ ನಿಮ್ಮ ಕೆಳಗಿನ ದಡಕ್ಕೆ ತರಲು ಬಿಡಬಹುದು. ಎಮರಾಲ್ಡ್, ಅವಲಾಂಚಿಯಂಥ ಅಣೆಕಟ್ಟಿನ ನೀರಿನಲ್ಲಿ ಎಸೆದ ಮೇಲೆ ಎಣಿಸಿ. ಸಣ್ಣ ಸ್ಪೂನ್ ಸೆಕೆಂಡಿಗೆ ಸುಮಾರು ಒಂದು ಅಡಿ ಇಳಿಯುತ್ತದೆ ಅಂತ ಲೆಕ್ಕ ಇಟ್ಟುಕೊಂಡು ಮೊದಲು ಮೂರು ಎಣಿಸಿ ಎಳೆಯಿರಿ, ಆಮೇಲೆ ಆರು, ಆಮೇಲೆ ಒಂಬತ್ತು. ಯಾವ ಎಣಿಕೆಗೆ ಮೀನು ಮುಟ್ಟಿತೋ ಅದೇ ಆಳಕ್ಕೆ ಮತ್ತೆ ಮತ್ತೆ ಎಸೆಯಿರಿ.

ಮೀನು ಹೊಡೆದಾಗ ರಾಡ್ ಜಗ್ಗಬೇಡಿ. ಲೈನ್ ಬಿಗಿಯಾಗಿದ್ದರೆ ಹುಕ್ ತಾನೇ ಕಚ್ಚಿರುತ್ತದೆ, ರಾಡ್ ನಿಧಾನವಾಗಿ ಎತ್ತಿ ಬಾಗಿಸಿಕೊಂಡರೆ ಆಯಿತು. ಡ್ರ್ಯಾಗ್, ಅಂದರೆ ಮೀನು ಜೋರಾಗಿ ಎಳೆದಾಗ ಲೈನ್ ಬಿಟ್ಟುಕೊಡುವ ರೀಲಿನ ಬ್ರೇಕ್, ಅದನ್ನು ಲೈನಿನ ಶಕ್ತಿಯ ಕಾಲು ಭಾಗಕ್ಕೆ ಹೊಂದಿಸಿರಿ, 4 ಪೌಂಡ್ ಲೈನಿಗೆ ಅರ್ಧ ಕೆ.ಜಿ. ಹತ್ತಿರ. ಅರ್ಧ ಲೀಟರ್ ನೀರಿನ ಬಾಟಲಿ ಕಟ್ಟಿ ಎತ್ತಿ ನೋಡಿದರೆ ಗೊತ್ತಾಗುತ್ತದೆ. ಮೀನು ಲೈನ್ ಎಳೆದುಕೊಂಡು ಹೋಗುತ್ತಿರುವಾಗ ಹಿಡಿ ಸುತ್ತಬೇಡಿ, ಲೈನ್ ಒಳಗೆ ಬರುವುದಿಲ್ಲ, ಬರೀ ಹುರಿಗಟ್ಟುತ್ತದೆ. ಹುರಿಗಟ್ಟುವುದು ಸ್ಪಿನ್ನರ್‌ನ ಹುಟ್ಟುಗುಣ, ಅದಕ್ಕೇ ಲೂರಿಗಿಂತ ಒಂದೂವರೆ ಅಡಿ ಮೇಲೆ ಚಿಕ್ಕ ಸ್ವಿವೆಲ್ (ತಿರುಗುವ ಕೊಂಡಿ) ಹಾಕಿ. ಆದರೂ ಲೈನ್ ಸುರುಳಿಯಾಗತೊಡಗಿದರೆ ಲೂರ್ ಬಿಚ್ಚಿ, ಬರೀ ಲೈನನ್ನು ಹರಿವಿನಲ್ಲಿ ಇಪ್ಪತ್ತು ಮೂವತ್ತು ಮೀಟರ್ ಕೆಳಕ್ಕೆ ಬಿಟ್ಟು ಒಂದೆರಡು ನಿಮಿಷ ಹಿಡಿದು, ಬೆರಳ ನಡುವೆ ಒತ್ತಿಕೊಂಡು ಸುತ್ತಿಕೊಳ್ಳಿ, ಹುರಿ ಬಿಚ್ಚಿಕೊಳ್ಳುತ್ತದೆ. ಗಂಟು ಹಾಕುವಾಗ ಎಂಜಲು ಹಚ್ಚಿ ಒದ್ದೆ ಮಾಡಿ ಬಿಗಿಯಿರಿ. ಪ್ರತಿ ಮೀನಿನ ನಂತರ ಕೊನೆಯ ಎರಡು ಅಡಿ ಲೈನನ್ನು ಉಗುರಿನಲ್ಲಿ ಸವರಿ ನೋಡಿ, ತರಚಿದ್ದರೆ ಕತ್ತರಿಸಿ ಹೊಸದಾಗಿ ಕಟ್ಟಿ.

ವಾಪಸ್ ಬಿಡುವ ಮೀನನ್ನು ಒಣ ಕೈಯಲ್ಲಿ ಮುಟ್ಟಬೇಡಿ, ಅದರ ಮೈಮೇಲಿನ ಲೋಳೆ ಹೋದರೆ ರೋಗ ಹಿಡಿಯುತ್ತದೆ. ನೀರಲ್ಲೇ ಇಟ್ಟು ಹುಕ್ ಬಿಚ್ಚಿ, ಬರುವ ನೀರಿಗೆ ಮುಖ ಮಾಡಿ ಹಿಡಿದುಕೊಳ್ಳಿ, ತಾನಾಗಿ ಹೋಗುವವರೆಗೆ. ಫೋಟೋ ಬೇಕಿದ್ದರೆ ಕ್ಯಾಮೆರಾ ಮೊದಲು ಸಿದ್ಧ ಮಾಡಿಕೊಂಡು ಆಮೇಲೆ ಎತ್ತಿ.

ಹೊರಡುವ ಮುಂಚೆ ಪರವಾನಗಿ ವಿಷಯ ಫೋನ್ ಮಾಡಿ ಕೇಳಿಕೊಳ್ಳಿ. ನೀಲಗಿರಿಯಲ್ಲಿ ತಮಿಳುನಾಡು ಮೀನುಗಾರಿಕೆ ಇಲಾಖೆ ಒಂದು ಕಡೆ, ಅರಣ್ಯ ಇಲಾಖೆ ಇನ್ನೊಂದು ಕಡೆ. ಮುಕುರ್ತಿ ರಾಷ್ಟ್ರೀಯ ಉದ್ಯಾನದ ಒಳಗಿನ ನೀರಿಗೆ ಗಾಳ ಹಿಡಿದು ಹೋಗುವ ಯೋಚನೆಯೇ ಬೇಡ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, ಊಟಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಪದ್ಧತಿ ಬಂದಿದೆ. ಹಿಮಾಚಲದ ತೀರ್ಥನ್ ಕಡೆ ಹೋಗುವವರಿದ್ದರೆ, ಅಲ್ಲಿ ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಮೊಟ್ಟೆ ಇಡುವ ಕಾಲ ಅಂತ ಗಾಳ ಹಾಕುವುದು ನಿಷೇಧ. ಇಲ್ಲೇ ಮಂಡ್ಯದ ಕೆರೆಯಲ್ಲಿ ಅದೇ ಸಾಮಾನಿನಿಂದ ಮೀನು ಹಿಡಿದು ನೋಡುವ ಆಸೆ ಇದ್ದರೆ, ಕೆರೆ ಗುತ್ತಿಗೆ ಹಿಡಿದವರನ್ನು ಕೇಳಿ ಇಳಿಯಿರಿ. ರಂಗನತಿಟ್ಟಿನ ಆಸುಪಾಸು ಬೇಡವೇ ಬೇಡ.

ಮನೆಗೆ ಬಂದ ಮೇಲೆ ಲೂರ್‌ಗಳನ್ನು ಒರೆಸಿ, ನೆರಳಲ್ಲಿ ಒಣಗಿಸಿ ಡಬ್ಬಿಗೆ ಹಾಕಿ, ಒದ್ದೆ ಇಟ್ಟರೆ ಹುಕ್ ತುಕ್ಕು ಹಿಡಿಯುತ್ತದೆ. ಹಿತ್ತಾಳೆ, ತಾಮ್ರದ ಬ್ಲೇಡ್ ಮಂಕಾಗಿದ್ದರೆ ದೇವರ ಸಾಮಾನು ತೊಳೆಯುವ ಹುಣಸೆಹಣ್ಣಿನಲ್ಲೇ ಉಜ್ಜಿ ಚೆನ್ನಾಗಿ ತೊಳೆಯಿರಿ, ಹುಳಿ ಬ್ಲೇಡಿನ ಕೊಂಡಿಯಲ್ಲಿ ಉಳಿಯಬಾರದು, ಉಳಿದರೆ ಮುಂದಿನ ಸಲ ಬ್ಲೇಡ್ ಸರಾಗವಾಗಿ ತಿರುಗುವುದಿಲ್ಲ.